ನೆಟ್ಟದ್ದೆಷ್ಟು ಬೇಡ, ಮೂರನೇ ಬೇಸಿಗೆ ದಾಟಿದ್ದೆಷ್ಟು ಹೇಳಿ

ಗೆ,
ಮಾನ್ಯ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಸಚಿವರು, ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು
ಹಾಗೂ
ಪ್ರಧಾನ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಗಳು (ಅರಣ್ಯ ಪಡೆ ಮುಖ್ಯಸ್ಥರು), ಅರಣ್ಯ ಭವನ, ಮಲ್ಲೇಶ್ವರ, ಬೆಂಗಳೂರು

ವಿಷಯ: ಸಸಿ ನೆಡುವ ಕಾರ್ಯಕ್ರಮಗಳ ಲೆಕ್ಕ, ಕಾಲ ಮತ್ತು ಜಾಗದ ಕುರಿತು

ಮಾನ್ಯರೇ,

ರೈತನ ಹೊಲದಲ್ಲಿ ನೆಟ್ಟ ಗಿಡಕ್ಕೆ ಸರ್ಕಾರದ ಲೆಕ್ಕ ಒಂದು, ಸರ್ಕಾರವೇ ನೆಟ್ಟ ಗಿಡಕ್ಕೆ ಲೆಕ್ಕ ಇನ್ನೊಂದು. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತ ಇಲಾಖೆಯ ನರ್ಸರಿಯಿಂದ ಸಸಿ ಒಯ್ದು ನೆಟ್ಟರೆ ನೆಟ್ಟ ದಿನ ಒಂದು ಪೈಸೆಯೂ ಬರುವುದಿಲ್ಲ. ಇಲಾಖೆಯವರು ಬಂದು ಎಣಿಸಬೇಕು. ಮೊದಲ ವರ್ಷ ಬದುಕಿರುವ ಗಿಡಕ್ಕೆ 35 ರೂಪಾಯಿ, ಎರಡನೇ ವರ್ಷ ಉಳಿದದ್ದಕ್ಕೆ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ. ಒಣಗಿದ ಗಿಡಕ್ಕೆ ಏನೂ ಇಲ್ಲ. ನೀಲಗಿರಿ, ಅಕೇಶಿಯಾ, ಸಿಲ್ವರ್ ಓಕ್, ಗಾಳಿಮರಕ್ಕೆ ಬದುಕಿದರೂ ಇಲ್ಲ. ಇದು ನ್ಯಾಯವಾದ ನಿಯಮ, ಯಾರೂ ತಕರಾರು ತೆಗೆಯುವಂಥದ್ದಲ್ಲ. ಇದೇ ನಿಯಮವನ್ನು ಇಲಾಖೆಯ ನೆಡುತೋಪುಗಳಿಗೂ ಅನ್ವಯಿಸಿ ಎಂಬುದೇ ಈ ಪತ್ರದ ಬೇಡಿಕೆ. ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ದಯವಿಟ್ಟು ಸಾವಧಾನದಿಂದ ಓದಬೇಕು.

ವನಮಹೋತ್ಸವ ಶುರುವಾದದ್ದು 1950ರಲ್ಲಿ, ಕೆ. ಎಂ. ಮುನ್ಷಿಯವರು ಕೇಂದ್ರದ ಆಹಾರ ಮತ್ತು ಕೃಷಿ ಸಚಿವರಾಗಿದ್ದಾಗ. ಈಚೆಗೆ ಅದು ದಾಖಲೆಯ ಪೈಪೋಟಿಯಾಗಿದೆ. 2016ರ ಜುಲೈ 11ರಂದು ಉತ್ತರ ಪ್ರದೇಶ 24 ಗಂಟೆಗಳಲ್ಲಿ ಸುಮಾರು 5 ಕೋಟಿ ಸಸಿ ನೆಟ್ಟೆವೆಂದಿತು. ಮರುವರ್ಷ ಜುಲೈ 2ರಂದು ಮಧ್ಯ ಪ್ರದೇಶ 12 ಗಂಟೆಗಳಲ್ಲೇ 6 ಕೋಟಿ ದಾಟಿದೆವೆಂದಿತು. 2023ರಲ್ಲಿ ನಮ್ಮ ರಾಜ್ಯವೂ 5 ಕೋಟಿಯ ಗುರಿ ಇಟ್ಟುಕೊಂಡಿತು. ಈ ಅಂಕಿಯನ್ನು ನೆಲಕ್ಕೆ ಇಳಿಸಿ ನೋಡೋಣ. 3 ಮೀಟರ್ ಅಂತರದಲ್ಲಿ ಸಾಲು ಹಿಡಿದು ನೆಟ್ಟರೆ ಹೆಕ್ಟೇರಿಗೆ 1,111 ಸಸಿ. 5 ಕೋಟಿ ಸಸಿಗೆ 45,000 ಹೆಕ್ಟೇರ್, ಅಂದರೆ 450 ಚದರ ಕಿಲೋಮೀಟರ್ ನೆಲ ಬೇಕು. ಅರ್ಧದಷ್ಟು ರೈತರ ಬದುಗಳಿಗೆ, ಶಾಲೆಯ ಆವರಣಕ್ಕೆ, ರಸ್ತೆಬದಿಗೆ ಹೋಯಿತೆಂದೇ ಇಟ್ಟುಕೊಳ್ಳಿ. ಉಳಿದರ್ಧಕ್ಕೆ ವರ್ಷ ವರ್ಷವೂ ಇಷ್ಟು ಖಾಲಿ ನೆಲ ಎಲ್ಲಿಂದ ಬರಬೇಕು? ಎರಡೇ ದಾರಿ. ಹಿಂದೆ ನೆಟ್ಟು ಸತ್ತ ಜಾಗದಲ್ಲೇ ಮತ್ತೆ ನೆಡುವುದು, ಇಲ್ಲವೇ ನೆಡಬಾರದ ಜಾಗದಲ್ಲಿ ನೆಡುವುದು. ಎರಡೂ ನಡೆಯುತ್ತಿವೆ.

ಮೊದಲು ಕಾಲದ ಮಾತು. ಮಲೆನಾಡಿಗೆ, ಕರಾವಳಿಗೆ ಜೂನ್–ಜುಲೈ ಸರಿಯೇ. ಮೃಗಶಿರ, ಆರಿದ್ರ ಹಿಡಿದು ಸುರಿದರೆ ಸಸಿಗೆ ಬೇರು ಬಿಡಲು ಮೂರು–ನಾಲ್ಕು ತಿಂಗಳ ತೇವ ಸಿಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಕಡೆ ಹಾಗಲ್ಲ. ಅಲ್ಲಿ ಜುಲೈ ಎಂದರೆ ಆಷಾಢದ ಗಾಳಿ. ಮೋಡ ತಲೆಯ ಮೇಲೆ ಓಡುತ್ತಲೇ ಇರುತ್ತದೆ, ಹನಿ ಬೀಳುವುದು ಕಡಿಮೆ. ಆ ಸೀಮೆಯ ದೊಡ್ಡ ಮಳೆ ಸೆಪ್ಟೆಂಬರ್–ಅಕ್ಟೋಬರಿನದು: ಹುಬ್ಬ, ಉತ್ತರ, ಹಸ್ತ, ಚಿತ್ತ. ಜುಲೈ 1ರಂದು ಭಾಷಣ ಮುಗಿಸಿ ನೆಟ್ಟ ಸಸಿ ಎರಡು ತಿಂಗಳು ಆ ಗಾಳಿಗೆ ಮೈಯೊಡ್ಡಿ ನಿಲ್ಲಬೇಕು. ಎಲೆಯಿಂದ ನೀರು ಹೋಗುತ್ತಲೇ ಇರುತ್ತದೆ, ಇನ್ನೂ ಚೀಲದ ಮಣ್ಣಿನಿಂದ ಹೊರಬರದ ಬೇರಿಗೆ ಎಳೆದುಕೊಳ್ಳಲು ಏನೂ ಇರುವುದಿಲ್ಲ. ನಿಜವಾದ ಮಳೆ ಬರುವಷ್ಟರಲ್ಲಿ ಅರ್ಧ ಸಸಿ ಕಡ್ಡಿಯಾಗಿರುತ್ತದೆ. ಅದೇ ಊರಿನ ರೈತ ರಾಗಿಯನ್ನು ನಕ್ಷತ್ರ ನೋಡಿ ಬಿತ್ತುತ್ತಾನೆ. ಇಲಾಖೆ ಬೀದರಿನಿಂದ ಚಾಮರಾಜನಗರದವರೆಗೂ ಒಂದೇ ಸುತ್ತೋಲೆ ನೋಡಿ ನೆಡುತ್ತದೆ.

ಗುಂಡಿಯ ಕೆಲಸ ಇದಕ್ಕಿಂತ ಮುಂಚಿನದು. ಜನವರಿಯಿಂದ ಮಾರ್ಚ್ ಒಳಗೆ ಗುಂಡಿ ತೆಗೆದಾಗಿರಬೇಕು. ಸಾಮಾನ್ಯ ಸಸಿಗೆ ಉದ್ದ, ಅಗಲ, ಆಳ ಮೂರೂ 45 ಸೆಂಟಿಮೀಟರ್; ರಸ್ತೆಬದಿಯ ದೊಡ್ಡ ಸಸಿಗೆ 75 ಸೆಂಟಿಮೀಟರಿನಿಂದ 1 ಮೀಟರ್. ಮೇಲ್ಮಣ್ಣು ಒಂದು ಪಕ್ಕ, ಅಡಿಮಣ್ಣು ಇನ್ನೊಂದು ಪಕ್ಕ ಹಾಕಬೇಕು, ನೆಡುವಾಗ ಮೇಲ್ಮಣ್ಣು ಬೇರಿನ ಬಳಿಗೆ ಹೋಗಬೇಕು. ಬೇಸಿಗೆಯ ಬಿಸಿಲಿಗೆ ಬಿರಿದು, ಅಡ್ಡಮಳೆಗೆ ನೆನೆದು ಗುಂಡಿಯ ಗೋಡೆ ಸಡಿಲವಾಗುತ್ತದೆ. ಹಣ ತಡವಾಗಿ ಬಿಡುಗಡೆಯಾದರೆ ಈ ಕೆಲಸ ಜೂನಿಗೆ ಜಾರುತ್ತದೆ, ಜೂನಿನಲ್ಲಿ ಆಳು ಸಿಗುವುದಿಲ್ಲ, ಜೆಸಿಬಿ ಬರುತ್ತದೆ. ಒದ್ದೆ ಎರೆಮಣ್ಣಿನಲ್ಲಿ ಬಕೆಟ್ ಎಳೆದ ಗುಂಡಿಯ ಗೋಡೆ ಮಡಕೆಯ ಒಳಮೈಯಂತೆ ನುಣ್ಣಗಾಗಿಬಿಡುತ್ತದೆ. ಬೇರು ಅದನ್ನು ಭೇದಿಸಲಾರದೆ ಒಳಗೊಳಗೇ ಸುತ್ತುತ್ತದೆ, ನೀರು ಇಂಗದೆ ನಿಂತು ಬೇರು ಕೊಳೆಯುತ್ತದೆ. ಬಿಲ್ಲಿನಲ್ಲಿ ಮಾತ್ರ ಎರಡೂ ಗುಂಡಿಯೇ.

ಚೀಲದ್ದು ಇನ್ನೊಂದು ಕಥೆ. 5×8 ಇಂಚಿನ ಪಾಲಿಥಿನ್ ಚೀಲದ ಸಸಿ ಒಂದೇ ಹಂಗಾಮಿನದು. ನೆಡದೆ ಉಳಿದದ್ದನ್ನು ಮರುವರ್ಷಕ್ಕೆ ಇಟ್ಟರೆ ತಾಯಿಬೇರು ತಳ ಮುಟ್ಟಿ ಸುರುಳಿ ಸುತ್ತುತ್ತದೆ, ಇಲ್ಲವೇ ತೂತಿನಿಂದ ನರ್ಸರಿಯ ನೆಲಕ್ಕೆ ಇಳಿದು ಎತ್ತುವಾಗ ಹರಿಯುತ್ತದೆ. ಸುರುಳಿ ಬೇರಿನ ಗಿಡ ಮೋಸಗಾರ ಗಿಡ. ಎರಡು ವರ್ಷ ಚೆನ್ನಾಗಿಯೇ ಚಿಗುರಿ, ಆಮೇಲೆ ಒಂದು ಗಾಳಿಗೆ ಬುಡಸಮೇತ ಮಗುಚುತ್ತದೆ. ಅದಕ್ಕೆ ಮದ್ದು ಗೊತ್ತಿಲ್ಲದ್ದೇನಲ್ಲ: ಚೀಲದ ತಳದಿಂದ ಒಂದೆರಡು ಸೆಂಟಿಮೀಟರನ್ನು ಬ್ಲೇಡಿನಲ್ಲಿ ಕೊಯ್ದು ಸುತ್ತಿದ ಬೇರು ತೆಗೆಯಬೇಕು, ಪಕ್ಕ ಸೀಳಬೇಕು, ಮಣ್ಣಿನ ಹೆಂಟೆ ಒಡೆಯದಂತೆ ಇಳಿಸಿ ಸುತ್ತ ತುಳಿದು ಗಾಳಿ ಹೊರಡಿಸಬೇಕು. ಒಂದು ಸಸಿಗೆ ಎರಡು–ಮೂರು ನಿಮಿಷದ ಕೆಲಸ. ಒಂದೇ ದಿನದಲ್ಲಿ ಲಕ್ಷ ಸಸಿ ಎಂದಾಗ ಮೊದಲು ಕೈಬಿಡುವುದು ಈ ಎರಡು ನಿಮಿಷವನ್ನೇ. ಕಾರ್ಯಕ್ರಮ ಮುಗಿದ ಮೈದಾನದಲ್ಲಿ ಒಣಗಿದ ಸಸಿಯನ್ನು ಕಿತ್ತು ನೋಡಿದರೆ ಕರಿಚೀಲ ಹಾಗೇ ಇರುತ್ತದೆ.

ಇನ್ನು ಆರೈಕೆ. ಅಕ್ಟೋಬರ್–ನವೆಂಬರಿನಲ್ಲಿ ಗಿಡದ ಸುತ್ತ ಕಳೆ ಕಿತ್ತು, ಮಣ್ಣು ಸಡಿಲಿಸಿ, ಕಿತ್ತ ಕಳೆಯನ್ನೇ ಬುಡಕ್ಕೆ ಮುಚ್ಚಬೇಕು. ಡಿಸೆಂಬರ್ ಒಳಗೆ ಬೆಂಕಿರೇಖೆ (ಬೆಂಕಿ ದಾಟದಂತೆ ಹುಲ್ಲು ಸವರಿದ ಪಟ್ಟಿ) ಬಿಡಿಸಬೇಕು, ಯಾಕೆಂದರೆ ಫೆಬ್ರವರಿಯ ಹೊತ್ತಿಗೆ ಹುಲ್ಲು ಸಸಿಗಿಂತ ಎತ್ತರವಾಗಿ ಒಣಗಿ ನಿಂತಿರುತ್ತದೆ. ಒಂದು ಬೀಡಿ ತುಂಡು ಸಾಕು. ಇದನ್ನು ಎರಡನೇ, ಮೂರನೇ ವರ್ಷವೂ ಮಾಡಬೇಕು. ನೀರಿನ ಲೆಕ್ಕವೂ ಸರಳವಾಗಿದೆ. 5,000 ಲೀಟರಿನ ಟ್ಯಾಂಕರ್, ಗಿಡಕ್ಕೆ 20 ಲೀಟರಿನಂತೆ ಕೊಟ್ಟರೆ 250 ಗಿಡಕ್ಕೆ ಮುಗಿಯುತ್ತದೆ. ರಸ್ತೆಬದಿಯ 1,000 ಗಿಡಕ್ಕೆ ವಾರಕ್ಕೆ ನಾಲ್ಕು ಟ್ಯಾಂಕರ್, ಡಿಸೆಂಬರಿನಿಂದ ಮೇವರೆಗೆ ನೂರು ಟ್ಯಾಂಕರ್. 1,000 ಸಸಿ ನೆಡುವ ಮೊದಲು ಆ ನೂರು ಟ್ಯಾಂಕರ್ ನೀರಿಗೆ ಯಾವ ಲೆಕ್ಕಶೀರ್ಷಿಕೆಯಲ್ಲಿ ಹಣವಿದೆ ಎಂದು ಕೇಳಿದರೆ ಸಾಕು, ಅರ್ಧದಷ್ಟು ಗುರಿಗಳು ತಾವಾಗಿಯೇ ಇಳಿಯುತ್ತವೆ.

ಸಾಲುಮರದ ತಿಮ್ಮಕ್ಕನವರ ಹೆಸರು ಹೇಳದೆ ನಮ್ಮಲ್ಲಿ ವನಮಹೋತ್ಸವದ ಭಾಷಣ ಮುಗಿಯುವುದಿಲ್ಲ. ಹುಲಿಕಲ್–ಕುದೂರು ರಸ್ತೆಯಲ್ಲಿ ಆ ದಂಪತಿ ಮೊದಲ ವರ್ಷ ನೆಟ್ಟದ್ದು 10 ಆಲದ ಸಸಿ. ಎರಡನೇ ವರ್ಷ 15, ಮೂರನೇ ವರ್ಷ 20. ಹೊತ್ತು ತರಬಹುದಾದ ಕೊಡಗಳ ಲೆಕ್ಕ ನೋಡಿ ನೆಟ್ಟರು, ದನ ತಿನ್ನದಂತೆ ಮುಳ್ಳುಬೇಲಿ ಕಟ್ಟಿದರು. ಹಾಗಾಗಿ 385 ಮರ ನಿಂತವು. ಅವರ ಫೋಟೊ ಎಲ್ಲ ವೇದಿಕೆಯಲ್ಲೂ ಇರುತ್ತದೆ, ಆ 10ರ ಲೆಕ್ಕ ಮಾತ್ರ ಯಾರ ಕಿವಿಗೂ ಬಿದ್ದಂತಿಲ್ಲ. 2019ರಲ್ಲಿ ರಸ್ತೆ ಅಗಲೀಕರಣಕ್ಕೆ ಆ ಮರಗಳ ಮೇಲೂ ಕಣ್ಣು ಬಿದ್ದಿತ್ತು. ಅವರೇ ಮುಖ್ಯಮಂತ್ರಿಗಳಿಗೆ ಮೊರೆಯಿಡಬೇಕಾಯಿತು.

ಬದುಕಿದ ಗಿಡ ಎಣಿಸಿ ಎಂದಾಗ ಒಂದು ಅಪಾಯವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಶೇಕಡಾವಾರು ಹೆಚ್ಚು ತೋರಿಸಲು ಅತಿ ಸುಲಭದ ಉಪಾಯ ದನ–ಆಡು ಮೂಸದ ಗಿಡ ನೆಡುವುದು. ಮಲೆನಾಡಿನ ಗುಡ್ಡಗಳಲ್ಲಿ ಅಕೇಶಿಯಾ, ಬಯಲುಸೀಮೆಯಲ್ಲಿ ನೀಲಗಿರಿ ಹಬ್ಬಿದ್ದಕ್ಕೆ ಕಾಗದದ ಕಾರ್ಖಾನೆಗಳ ಬೇಡಿಕೆ ಒಂದು ಕಾರಣವಾದರೆ, ಬೇಲಿಯ ಖರ್ಚಿಲ್ಲದ ಈ ಅನುಕೂಲ ಇನ್ನೊಂದು ಕಾರಣ. ಮೂರನೆಯದು ಬೀಜ. ಅಕೇಶಿಯಾ, ನೀಲಗಿರಿ ಬೀಜವನ್ನು ವರ್ಷಗಟ್ಟಲೆ ಡಬ್ಬಿಯಲ್ಲಿ ಇಡಬಹುದು. ಅಕೇಶಿಯಾ ಬೀಜಕ್ಕೆ ಬಿಸಿನೀರು ಹುಯ್ದು ರಾತ್ರಿ ನೆನೆಸಿ ಹಾಕಿದರೆ ಬೇಕಾದ ತಿಂಗಳಲ್ಲಿ ಬೇಕಾದಷ್ಟು ಸಸಿ. ಬೇವಿನ ಬೀಜ ಕೆಲವೇ ವಾರಗಳಲ್ಲಿ ಜೀವ ಕಳೆದುಕೊಳ್ಳುತ್ತದೆ. ನೇರಳೆ, ಹಲಸು, ಧೂಪ, ರಾಮಪತ್ರೆ ಒಣಗಿಸಿದರೆ ಸತ್ತೇಹೋಗುತ್ತವೆ. ಹಣ್ಣು ಉದುರಿದ ವಾರದಲ್ಲೇ ಆಯ್ದು, ತೊಳೆದು, ಹಸಿಯಾಗಿಯೇ ಊರಬೇಕು. ಅಂದರೆ ನರ್ಸರಿಯ ಕೆಲಸ ಮರ ಹಣ್ಣಾಗುವ ಕಾಲಕ್ಕೆ ಹೊಂದಬೇಕು, ಟೆಂಡರಿನ ಕಾಲಕ್ಕಲ್ಲ. ಹೊನ್ನೆ, ಮತ್ತಿ, ಹೆಬ್ಬಲಸಿನಂಥ ಸಸಿಗಳನ್ನು ದೊಡ್ಡ ಚೀಲಕ್ಕೆ ಬದಲಿಸಿ ಎರಡು ವರ್ಷ ಸಾಕಬೇಕು. ಗುರಿ ಕೋಟಿಯಲ್ಲಿದ್ದಾಗ ಯಾವ ವಲಯ ಅರಣ್ಯಾಧಿಕಾರಿಯೂ ಆ ಸಾಹಸಕ್ಕೆ ಹೋಗುವುದಿಲ್ಲ. ಅದು ಅವರ ತಪ್ಪೂ ಅಲ್ಲ.

ಈ ಮರಗಳ ರಾಜಕೀಯ ನಮಗೆ ಹೊಸದಲ್ಲ. 1984ರಲ್ಲಿ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಗೆ ಸುಮಾರು 30,000 ಹೆಕ್ಟೇರ್ ಊರೊಟ್ಟಿನ ನೆಲವನ್ನು ನೀಲಗಿರಿಗಾಗಿ ಕೊಡಲು ಹೊರಟಾಗ, 1987ರ ನವೆಂಬರ್ 14ರಂದು ಕುಸನೂರಿನ ಜನ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ಮಾಡಿದರು. ನೀಲಗಿರಿ ಕಿತ್ತು, ಊರಿಗೆ ಬೇಕಾದ ಹಣ್ಣು–ಮೇವಿನ ಗಿಡ ಹಚ್ಚಿದರು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 1991ರಲ್ಲಿ ಆ ಕಂಪನಿ ಮುಚ್ಚಿತು. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಆದರೂ 2020ರಲ್ಲಿ, ಉತ್ಪಾದನೆ ನಿಂತು ವರ್ಷಗಳಾಗಿದ್ದ ಮೈಸೂರು ಕಾಗದ ಕಾರ್ಖಾನೆಯ ಹೆಸರಿನಲ್ಲಿ ಸುಮಾರು 20,000 ಹೆಕ್ಟೇರ್ ನೆಡುತೋಪಿನ ಗುತ್ತಿಗೆಯನ್ನು ಮತ್ತೆ 40 ವರ್ಷಕ್ಕೆ ಮುಂದುವರಿಸಲಾಯಿತು. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಶಿವಮೊಗ್ಗದ ಜನ ಬೀದಿಗಿಳಿದದ್ದು ತಮಗೆ ಗೊತ್ತಿರುವ ಸಂಗತಿ.

ಜಾಗದ ವಿಷಯದಲ್ಲಿ ಆಗುತ್ತಿರುವ ಅನಾಹುತ ಎಲ್ಲಕ್ಕಿಂತ ದೊಡ್ಡದು, ಯಾಕೆಂದರೆ ಸತ್ತ ಸಸಿಯನ್ನು ಮತ್ತೆ ನೆಡಬಹುದು, ಅಗೆದು ಹಾಕಿದ ಹುಲ್ಲುಗಾವಲನ್ನು ಮತ್ತೆ ನೆಡಲಾಗುವುದಿಲ್ಲ. ಕಂದಾಯದ ಪಹಣಿಯಲ್ಲಿ ಖರಾಬು, ಗೋಮಾಳ, ಕಾವಲು (ಮೇವಿನ ಬಯಲು) ಎಂದಿದ್ದದ್ದು ನೆಡುತೋಪಿನ ಪ್ರಸ್ತಾವನೆಯಲ್ಲಿ ‘ಬಂಜರು’ ಆಗುತ್ತದೆ. ಅಲ್ಲಿ ಕರಡದ ಹುಲ್ಲಿದೆ, ಕುರಿ ಮೇಯುತ್ತವೆ, ತೋಳವಿದೆ, ಕೃಷ್ಣಮೃಗವಿದೆ ಎಂಬುದು ಆ ಕಾಗದದಲ್ಲಿ ಕಾಣುವುದಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನೇ ನೋಡಿ: 1974ರಲ್ಲಿ ಘೋಷಣೆಯಾದ ಸುಮಾರು 119 ಚದರ ಕಿಲೋಮೀಟರಿನ ಆ ಬಯಲಿನ ಬಹುಭಾಗ ನೀಲಗಿರಿ ತೋಪಾಯಿತು. ಬಯಲಿನಲ್ಲಿ ದೂರದ ನೋಟ ಇಟ್ಟುಕೊಂಡು ಬದುಕುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿ ಅಲ್ಲಿಂದ ಮಾಯವಾಗಿದೆ. ರಾಜ್ಯದಲ್ಲಿ ಉಳಿದಿರುವ ಬೆರಳೆಣಿಕೆಯಷ್ಟು ಈಗ ಸಿರುಗುಪ್ಪದ ಹೊಲಗಳನ್ನೇ ನೆಚ್ಚಿಕೊಂಡಿವೆ. ಕುದುರೆಮುಖ, ಬಾಬಾಬುಡನ್‌ಗಿರಿಯ ಶೋಲಾ (ಬೆಟ್ಟದ ಕಣಿವೆಯ ಕಾಡು) ಪಕ್ಕದ ಹುಲ್ಲುಬೋರೆಗಳೂ ಮರ ಕಳೆದುಕೊಂಡು ಬೋಳಾದ ಕಾಡಲ್ಲ. ಅವು ಇರಬೇಕಾದದ್ದೇ ಹಾಗೆ.

ಕುರುಚಲು ಕಾಡಿನ ಕಥೆಯೂ ಇಷ್ಟೇ. ಮೇಲೆ ಮೊಳಕಾಲುದ್ದ ಪೊದೆ ಕಂಡರೂ ನೆಲದಡಿಯಲ್ಲಿ ದಿಂಡಿಗ, ಮುತ್ತುಗ, ಮತ್ತಿ, ಕಮರದ ಹಳೆಯ ಬೇರು–ಬುಡ ಜೀವಂತವಾಗಿರುತ್ತದೆ. ಮೂರು–ನಾಲ್ಕು ವರ್ಷ ಕಡಿತ, ಬೆಂಕಿ, ಅತಿ ಮೇವು ತಪ್ಪಿಸಿ, ಒಂದೊಂದು ಬುಡಕ್ಕೆ ಒಂದೆರಡು ಗಟ್ಟಿ ಚಿಗುರು ಮಾತ್ರ ಉಳಿಸಿ ಸವರಿದರೆ ಅದೇ ಕಾಡಾಗುತ್ತದೆ. ಅದರ ಬೇರು ಈಗಾಗಲೇ ಆಳದಲ್ಲಿದೆ, ಟ್ಯಾಂಕರ್ ಬೇಡ. ಇಂಥ ಸಹಜ ಪುನರುತ್ಪತ್ತಿಗೆ ನೆರವಾಗುವ ಮಾದರಿ ಇಲಾಖೆಯ ಕೈಪಿಡಿಯಲ್ಲೇ ಇದೆ. ಆದರೆ ಅದರಲ್ಲಿ ‘ನೆಟ್ಟ ಸಸಿ’ ಎಂಬ ಅಂಕಿ ಹುಟ್ಟುವುದಿಲ್ಲ. ಹಾಗಾಗಿ ಜೆಸಿಬಿ ಸಾಲು ಕಂದಕ ಹೊಡೆದು ಆ ಜೀವಂತ ಬುಡಗಳನ್ನು ಕಿತ್ತು, ಅಲ್ಲೇ ಆರು ತಿಂಗಳ ಸಸಿ ಇಡುತ್ತದೆ.

ಇಷ್ಟೆಲ್ಲ ಲೆಕ್ಕ ಯಾರಿಗೆ ಬೇಕು? ಕಡಿಯುವವರಿಗೆ ಬೇಕು. ಅರಣ್ಯ ಭೂಮಿ ಬೇರೆ ಕೆಲಸಕ್ಕೆ ಹೋದಾಗ ಅಷ್ಟೇ ಅರಣ್ಯೇತರ ಭೂಮಿಯಲ್ಲಿ, ಕೆಲವು ಸಂದರ್ಭಗಳಲ್ಲಿ ಎರಡು ಪಟ್ಟು ಹಾಳುಬಿದ್ದ ಕಾಡಿನಲ್ಲಿ ಪರಿಹಾರಾತ್ಮಕ ಅರಣ್ಯೀಕರಣ ಆಗಬೇಕು. 2013ರ ಮಹಾಲೇಖಪಾಲರ (ಸಿಎಜಿ) ವರದಿ ಇದರ ಬಂಡವಾಳ ಬಿಚ್ಚಿಟ್ಟಿತು. 2006ರಿಂದ 2012ರವರೆಗೆ ದೇಶದಲ್ಲಿ ಬರಬೇಕಿದ್ದ ಅರಣ್ಯೇತರ ಭೂಮಿ 1,03,382 ಹೆಕ್ಟೇರ್, ಬಂದದ್ದು 28,086, ಅರಣ್ಯೀಕರಣ ಆದದ್ದು 7,281. ನೂರಕ್ಕೆ ಏಳು. ಸಂಡೂರಿನ ದೇವದಾರಿ ಗಣಿಗೆ 401 ಹೆಕ್ಟೇರ್ ಕಾಡಿನಲ್ಲಿ 99,330 ಮರ ಎಂದು ಎಣಿಸಿದ್ದರು. 2024ರಲ್ಲಿ ಗುತ್ತಿಗೆ ತಡೆದದ್ದಕ್ಕೆ ಮಾನ್ಯ ಸಚಿವರನ್ನು ಅಭಿನಂದಿಸಲೇಬೇಕು. ಆದರೆ ಅಷ್ಟೇ ಸಂಖ್ಯೆಯ ಸಸಿ ಬೇರೆಲ್ಲೋ ನೆಟ್ಟರೆ ಸಮ ಎನ್ನುವ ತರ್ಕ ಹಾಗೇ ಉಳಿದಿದೆ. ನೆಟ್ಟದ್ದಕ್ಕೆ ಮಾರಬಹುದಾದ ಅಂಕ, ಅಂದರೆ ಕ್ರೆಡಿಟ್ ಕೊಡುವ ಕೇಂದ್ರದ ಗ್ರೀನ್ ಕ್ರೆಡಿಟ್ ನಿಯಮಗಳು (2023) ಇದೇ ತರ್ಕವನ್ನು ಮಾರುಕಟ್ಟೆಗೆ ತಂದವು. 2024ರ ಫೆಬ್ರವರಿಯ ವಿಧಾನದಲ್ಲಿ ಹೆಕ್ಟೇರಿಗೆ ಕನಿಷ್ಠ 1,100 ಮರ, ಮರಕ್ಕೊಂದು ಕ್ರೆಡಿಟ್ ಎಂದಿತ್ತು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನ ಮಳೆಯ ಚಳ್ಳಕೆರೆ ಸೀಮೆಯ ನೆಲ ಹೆಕ್ಟೇರಿಗೆ 1,100 ಮರವನ್ನು ಎಲ್ಲಿಂದ ಸಾಕಬೇಕು? 2025ರ ಆಗಸ್ಟಿನ ತಿದ್ದುಪಡಿ ಐದು ವರ್ಷ ಕಾದು, ನೆರಳಿನ ಹೊದಿಕೆ ಶೇ 40 ಮುಟ್ಟಿದ ಮೇಲೆ ಮಾತ್ರ ಕ್ರೆಡಿಟ್ ಎಂದಿದೆ. ಕಾಯುವ ಮಾತು ಒಳ್ಳೆಯದು. ಆದರೆ ಶೇ 40 ನೆರಳು ಎಂಬ ಅಳತೆ ಬಯಲುಸೀಮೆಯ ಸಹಜ ಕುರುಚಲಿಗೆ ಹೊಂದುವುದಿಲ್ಲ.

ಉಪಗ್ರಹದ ನಕ್ಷೆ ತೋರಿಸಿ ಹಸಿರು ಹೆಚ್ಚಾಗಿದೆ ಎನ್ನಬಹುದು. 2019ರ ಅರಣ್ಯ ಸ್ಥಿತಿ ವರದಿಯಲ್ಲಿ ಕರ್ನಾಟಕ 1,025 ಚದರ ಕಿಲೋಮೀಟರ್ ಹೆಚ್ಚಳದೊಂದಿಗೆ ದೇಶಕ್ಕೇ ಮೊದಲು. ಆ ವರದಿಯ ವ್ಯಾಖ್ಯೆಯಲ್ಲಿ ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇ 10ಕ್ಕಿಂತ ಹೆಚ್ಚು ನೆರಳಿರುವ ಜಾಗವೆಲ್ಲ ಅರಣ್ಯ ಹೊದಿಕೆಯೇ. ಕಾಫಿ ತೋಟ, ತೆಂಗಿನ ತೋಟ, ನೀಲಗಿರಿ ತೋಪು ಎಲ್ಲವೂ ಸೇರುತ್ತವೆ. ನೆಡುತೋಪಿಗೆ ಎಷ್ಟು ಫಲ ಸಿಕ್ಕಿದೆ ಎಂಬುದಕ್ಕೆ ಅದು ಉತ್ತರವಲ್ಲ. ಹಿಮಾಚಲದ ಕಾಂಗ್ರಾದಲ್ಲಿ ದಶಕಗಳ ಸರ್ಕಾರಿ ನೆಡುತೋಪುಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನ ಕಂಡದ್ದು ಇದು: ಕಾಡಿನ ಹೊದಿಕೆ ಗಮನಾರ್ಹವಾಗಿ ಹೆಚ್ಚಿರಲಿಲ್ಲ, ಜನರಿಗೆ ಸೌದೆ–ಮೇವು ಕೊಡುವ ಮರಗಳ ಪಾಲು ಇಳಿದಿತ್ತು.

ಆದ್ದರಿಂದ ನಮ್ಮ ಕೋರಿಕೆ. ಪ್ರತಿ ನೆಡುತೋಪಿನ ಸರ್ವೆ ನಂಬರ್, ಗಡಿಯ ಜಿಪಿಎಸ್ ನಕ್ಷೆ, ನೆಟ್ಟ ವರ್ಷ, ಜಾತಿವಾರು ಸಂಖ್ಯೆ, ಚೀಲದ ಅಳತೆ ಮತ್ತು ಬದುಕಿದ ಗಿಡದ ಲೆಕ್ಕವನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ಎಣಿಕೆ ಅಕ್ಟೋಬರಿನಲ್ಲಿ ಬೇಡ. ಮಳೆ ಮುಗಿದಾಗ ಎಲ್ಲವೂ ಹಸಿರಾಗಿಯೇ ಕಾಣುತ್ತದೆ. ಮೇ ತಿಂಗಳಲ್ಲಿ ಎಣಿಸಿ: ಮೊದಲ ಬೇಸಿಗೆ, ಮೂರನೇ ಬೇಸಿಗೆ, ಐದನೇ ಬೇಸಿಗೆ. ಎಲ್ಲ ಗಿಡ ಎಣಿಸಬೇಕಿಲ್ಲ. 25 ಹೆಕ್ಟೇರಿನ ತೋಪಿನಲ್ಲಿ 20 ಮೀಟರ್ ಅಗಲ, 50 ಮೀಟರ್ ಉದ್ದದ ಹದಿಮೂರು ತುಂಡುಗಳನ್ನು ಚೀಟಿ ಎತ್ತಿ ಆಯ್ದರೆ ಶೇ 5ರಷ್ಟು ನೆಲ ಸಿಕ್ಕಿತು. ನಾಲ್ಕು ಜನಕ್ಕೆ ಎರಡು ದಿನದ ಕೆಲಸ. ತುಂಡುಗಳನ್ನು ರಸ್ತೆಯ ಪಕ್ಕದಲ್ಲೇ ಆಯ್ದುಕೊಳ್ಳುವ ಚಾಳಿ ಇರುವುದರಿಂದ ಚೀಟಿ ಎತ್ತುವುದು ಗ್ರಾಮ ಪಂಚಾಯಿತಿಯ ಎದುರೇ ಆಗಲಿ. ನೆಟ್ಟ ವಲಯದವರೇ ಎಣಿಸದೆ ಪಕ್ಕದ ವಿಭಾಗದವರು, ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜುಗಳ ವಿದ್ಯಾರ್ಥಿಗಳು ಎಣಿಸಲಿ. ಕೃಷಿ ಅರಣ್ಯ ಯೋಜನೆಯಲ್ಲಿ ಪ್ರೋತ್ಸಾಹಧನ ಸಿಗದ ಜಾತಿಗಳನ್ನು ಈ ಲೆಕ್ಕದಿಂದಲೂ ಹೊರಗಿಡಬೇಕು.

ಇದರ ಜೊತೆಗೆ, ಪೂರ್ವದ ಒಣ ಜಿಲ್ಲೆಗಳ ನೆಡುವ ಕಾಲವನ್ನು ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿಗೆ ಬದಲಿಸಬೇಕು. ಗುಂಡಿಯ ಹಣ ನವೆಂಬರಿನಲ್ಲೇ ವಲಯಗಳಿಗೆ ತಲುಪಬೇಕು, ಮೂರು ವರ್ಷದ ಆರೈಕೆಯ ಹಣ ಮೊದಲೇ ಕಾದಿರಿಸದ ಯಾವ ನೆಡುತೋಪಿಗೂ ಮಂಜೂರಾತಿ ಕೊಡಬಾರದು. ಹುಲ್ಲುಗಾವಲು, ಕಾವಲು, ಶೋಲಾ ಬಯಲುಗಳ ಪಟ್ಟಿ ಮಾಡಿ ಅಲ್ಲಿ ನೆಡುವುದನ್ನು ಸುತ್ತೋಲೆಯ ಮೂಲಕವೇ ನಿಲ್ಲಿಸಬೇಕು. ಗೋಮಾಳದಲ್ಲಿ ನೆಡುವ ಮುನ್ನ ಅಲ್ಲಿ ದನ–ಕುರಿ ಮೇಯಿಸುವವರನ್ನು ಕೂರಿಸಿ ಕೇಳಬೇಕು; ಕೇಳದೆ ಹಾಕಿದ ಬೇಲಿ ಹೇಗೂ ನಿಲ್ಲುವುದಿಲ್ಲ.

ಮುಂದಿನ ವನಮಹೋತ್ಸವಕ್ಕೆ ಹೊಸ ಗುಂಡಿ ತೋಡಿಸಬೇಡಿ. ಮೂರು ವರ್ಷದ ಹಿಂದೆ ಇದೇ ಸಮಾರಂಭದಲ್ಲಿ ಗಣ್ಯರು ನೆಟ್ಟ ಜಾಗಕ್ಕೇ ಶಾಮಿಯಾನ ಹಾಕಿಸಿ, ಅಲ್ಲಿ ನಿಂತಿರುವ ಗಿಡಗಳ ಸಂಖ್ಯೆಯನ್ನು ವೇದಿಕೆಯ ಬ್ಯಾನರಿನಲ್ಲಿ ಬರೆಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ನರ್ಸರಿ ಮತ್ತು ನೆಡುತೋಪಿನ ಕೆಲಸ ಬಲ್ಲ ನಾಗರಿಕರು